ಆಷಾಢ ಕಾಣದ ಕಂಪ್ಯೂಟರು

ಪಾಂಡವಪುರದ ಬಸ್ ನಿಲ್ದಾಣದಿಂದ ಸ್ವಲ್ಪ ಒಳಕ್ಕೆ ಬಂದರೆ ಒಂದು ಹಳೆಯ ಮಾಳಿಗೆ ಕಟ್ಟಡ. ಮೇಲೆ ಸಿದ್ದರಾಜು ಮೇಷ್ಟ್ರ ಟೈಪಿಂಗ್ ಶಾಲೆ, ಕೆಳಗೆ ಅವರದೇ ಪುಸ್ತಕ, ಪೆನ್ನು, ಬಿಳಿ ಹಾಳೆಯ ಅಂಗಡಿ. ಅಂಗಡಿಯ ಮೂಲೆಯಲ್ಲಿ ನನ್ನ ಹೊಲಿಗೆ ಮಿಷನ್ನು. ಬೆಳಗೊಳದಿಂದ ದಿನಾ ಬಸ್ಸಿಗೆ ಬಂದು ಅಲ್ಲಿ ರವಿಕೆ ಹೊಲಿಯುತ್ತಿದ್ದೆ. ಹೊಲಿಯುವವಳ ಕಣ್ಣು, ಕೈ, ಕಾಲು ಮೂರಕ್ಕೂ ಕೆಲಸ. ಕಿವಿ ಮಾತ್ರ ಬಿಡುವಾಗಿರುತ್ತದೆ. ಮೇಷ್ಟ್ರ ವಿಚಾರ ನನಗೆ ಗೊತ್ತಾದದ್ದು ಹೆಚ್ಚಾಗಿ ಕಿವಿಯಿಂದಲೇ.

ಮೇಷ್ಟ್ರು ನಾಗಮಂಗಲ ತಾಲ್ಲೂಕಿನ ಹೊಣಕೆರೆ ಕಡೆಯವರು. ಹೊಲ, ಎಮ್ಮೆ ತಮ್ಮಂದಿರಿಗೆ ಬಿಟ್ಟು, ಒಂದು ಟೈಪ್‌ರೈಟರ್ ಹೊತ್ತುಕೊಂಡು ಬಂದು ಇಲ್ಲಿ ನೆಲೆ ನಿಂತವರು. ತಾಲ್ಲೂಕು ಕಚೇರಿಯ ಗುಮಾಸ್ತರಲ್ಲಿ ಅವರ ಹತ್ತಿರ ಬೆರಳು ಪಳಗಿಸದವರು ಕಡಿಮೆ. ಟೈಪಿನಲ್ಲಿ ತಪ್ಪು ಬಿದ್ದರೆ ಅವರು ಕ್ಷಮಿಸುತ್ತಿದ್ದರು. ಕೆಟ್ಟ ಗಳಿಗೆಯಲ್ಲಿ ಹೊಸ ಹಾಳೆ ಸಿಕ್ಕಿಸಿದರೆ ಕ್ಷಮಿಸುತ್ತಿರಲಿಲ್ಲ.

ಆದರೆ ವ್ಯಾಪಾರ ಗಳಿಗೆ ನೋಡಿಕೊಂಡು ಬರುವುದಿಲ್ಲವಲ್ಲ. ಯಾರೋ ಹಳ್ಳಿಯಿಂದ ಮಗಳನ್ನು ಕರೆದುಕೊಂಡು ಶಾಲೆಗೆ ಸೇರಿಸಲು ಬರುತ್ತಾರೆ, ಹೊರಗೆ ರಾಹುಕಾಲ. ಕಾಯಿರಿ ಎಂದರೆ ಅವರ ಬಸ್ಸು ಹೋಗುತ್ತದೆ. ಇದಕ್ಕೆ ಮೇಷ್ಟ್ರು ಒಂದು ದಾರಿ ಕಂಡುಕೊಂಡಿದ್ದರು. ಸ್ಟೂಲ್ ಹತ್ತಿ, ಗೋಡೆ ಗಡಿಯಾರದ ಮುಳ್ಳನ್ನು ರಾಹುಕಾಲದ ಆಚೆಗೆ ತಳ್ಳಿ, ಹುಡುಗಿಯನ್ನು ಸೇರಿಸಿಕೊಂಡು, ಅವರು ಹೊರಟ ಮೇಲೆ ಮುಳ್ಳನ್ನು ಮತ್ತೆ ಹಿಂದಕ್ಕೆ ತಂದು ಬಿಡುತ್ತಿದ್ದರು.

ಅವರ ಹೆಂಡತಿ ಪುಟ್ಟತಾಯಮ್ಮ ಹಿಂದಿನ ಮನೆಯಿಂದ ಕಾಫಿ ತಂದಾಗ ಇದನ್ನು ಕಂಡರೆ ಬಿಡುತ್ತಿರಲಿಲ್ಲ. "ರಾವು ಏನು ನಮ್ಮಂಗ್ಡಿ ಗಡಿಯಾರ ನೋಡ್ಕಂಡು ಓಡಾಡ್ತಾನಾ?"

"ಯಾರ್ ಕಂಡವ್ರೆ? ನೋಡಿದ್ರೂ ನೋಡ್ದ" ಎನ್ನುತ್ತಿದ್ದರು ಮೇಷ್ಟ್ರು, ಸ್ಟೂಲಿನ ಮೇಲಿಂದಲೇ.

ರಾಹುಕಾಲ ನೋಡುವವಳು ನಾನೂ. ಶನಿವಾರ ಶ್ರೀರಂಗಪಟ್ಟಣದಲ್ಲಿ ಇಳಿದು ರಂಗನಾಥನಿಗೆ ಕೈ ಮುಗಿಯದೆ ಮಿಷನ್ ತುಳಿದವಳಲ್ಲ. ಆದರೂ ದೇವರ ಮುಂದೆ ತಾನು ಸುಳ್ಳು ಹೇಳದೆ ಗಡಿಯಾರದ ಕೈಲಿ ಹೇಳಿಸಬಹುದು ಎಂಬ ಉಪಾಯ ನನಗೆ ಹೊಳೆದಿರಲಿಲ್ಲ. ಅವರು ಸ್ಟೂಲ್ ಹತ್ತಿದರೆ ನಾನು ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸಿ ನಗುತ್ತಿದ್ದೆ.

ಟೈಪ್‌ರೈಟರುಗಳಿಗೆ ಮಕ್ಕಳು ಕಡಿಮೆಯಾದಾಗ ಮೇಷ್ಟ್ರು ಒಂದು ಕಂಪ್ಯೂಟರ್ ತಂದರು. ಅದನ್ನು ಕಲಿಸಲು ಕೆ.ಆರ್. ಪೇಟೆ ತಾಲ್ಲೂಕಿನ ಬೂಕನಕೆರೆಯಿಂದ ಅಕ್ಕನ ಮಗಳು ಹೇಮಶ್ರೀಯನ್ನು ಕರೆಸಿಕೊಂಡರು. ಬಿ.ಎಸ್ಸಿ. ಮಾಡಿ ಮನೆಯಲ್ಲಿದ್ದ ಹುಡುಗಿ. ಮಾತು ಕಡಿಮೆ, ಆಡಿದರೆ ಚುರುಕು. ಅವಳಿಗೆ ಸಿ ಭಾಷೆಯ ಹುಚ್ಚು. ಹಾಗೆಂದರೆ ಕಂಪ್ಯೂಟರಿಗೆ ಕೆಲಸ ಹೇಳುವ ಒಂದು ಭಾಷೆಯಂತೆ. ಮೇಷ್ಟ್ರ ಪ್ರಕಾರ ಅದರಲ್ಲಿ ಅಕ್ಷರಕ್ಕಿಂತ ಆವರಣ ಚಿಹ್ನೆ ಜಾಸ್ತಿ.

ತೊಂಬತ್ತೆಂಟನೆಯ ಇಸವಿ ಆಷಾಢದಲ್ಲಿ ಎರಡನೆಯ ಕಂಪ್ಯೂಟರ್ ಬಂತು. ಶ್ರಾವಣಕ್ಕೆ ಕಳಿಸಿ ಎಂದು ಮೇಷ್ಟ್ರು ಹೇಳಿದ್ದರೂ ಮೈಸೂರಿನ ವ್ಯಾಪಾರಿ ಕೇಳದೆ ವ್ಯಾನಿಗೆ ಹಾಕಿ ತಂದು ಇಳಿಸಿ ಹೋದ. ಡಬ್ಬಗಳು ಮೆಟ್ಟಿಲ ಕೆಳಗೆ ಕೂತವು. ಆಷಾಢದಲ್ಲಿ ಹೊಸ ಕೆಲಸ ಯಾರೂ ಶುರು ಮಾಡುವುದಿಲ್ಲ. ಹೊಸ ಸೊಸೆಯನ್ನೇ ತವರಿಗೆ ಕಳಿಸುವ ತಿಂಗಳು ಅದು. ಹೇಮಶ್ರೀ ದಿನಾ ಆ ಡಬ್ಬಗಳನ್ನು ದಾಟಿಕೊಂಡು ಹತ್ತುತ್ತಾ ಇಳಿಯುತ್ತಾ ಮಾವನ ಮುಖ ನೋಡುತ್ತಿದ್ದಳು.

ಒಂದು ಮಧ್ಯಾಹ್ನ ಮೇಷ್ಟ್ರೇ ಡಬ್ಬ ಬಿಚ್ಚಿಸಿದರು. ವೈರುಗಳನ್ನು ಸಿಕ್ಕಿಸಿದ ಮೇಲೆ ಅವಳನ್ನು ಕೆಳಗೆ ಕಳಿಸಿ, ಮೇಲೆ ಒಬ್ಬರೇ ಬಾಗಿಲು ಹಾಕಿಕೊಂಡು ಕೂತಿದ್ದರು. ಆಮೇಲೆ ಅರಿಶಿನ, ಕುಂಕುಮ, ಕಾಯಿ ತರಿಸಿ ಪೂಜೆ ಮಾಡಿ, ನಮಗೆಲ್ಲ ಕಾಯಿಚೂರು ಸಕ್ಕರೆ ಕೊಟ್ಟರು.

"ಒಳ್ಳೆ ದಿವ್ಸ ನೋಡಿ ಚಾಲೂ ಮಾಡ್ಬುಟ್ಟೆ ಅಣ್ಣಮ್ಮ" ಎಂದರು ನನಗೆ.

"ಆಸಾಡ್ದಲ್ಲಿ ಎಲ್ಲಿತ್ತು ಒಳ್ಳೆ ದಿವ್ಸ?" ಎಂದರು ಪುಟ್ಟತಾಯಮ್ಮ.

"ಇರ್ತದೆ. ಹುಡುಕ್ಬೇಕು."

ಹೊಸ ಕಂಪ್ಯೂಟರಿನ ಮೇಲೆ ಹೇಮಶ್ರೀ ಹಿಡಿದ ಕೆಲಸ ಇದು. ಒಂದು ಕಂಪ್ಯೂಟರ್ ಪತ್ರಿಕೆಯ ಜೊತೆ ಸಿ.ಡಿ. ಬಂದಿತ್ತು. ಅದರಲ್ಲಿ ಎಲ್ಲಿಯವರೋ ಕೆಲವರು ಸೇರಿ ಬರೆದ ಒಂದು ಲೈಬ್ರರಿ ಇತ್ತು. ಲೈಬ್ರರಿ ಎಂದರೆ ಪುಸ್ತಕದ ಕೋಣೆಯಲ್ಲ. ಬೇರೆಯವರು ತಮ್ಮ ಕೆಲಸಕ್ಕೆ ಎತ್ತಿ ಬಳಸಿಕೊಳ್ಳಲೆಂದು ಸಿದ್ಧ ಮಾಡಿಟ್ಟ ಸಿ ಬರಹ. ಒಂದು ಕಂಪ್ಯೂಟರ್ ಇನ್ನೊಂದರೊಡನೆ ಮಾತಾಡುವುದಕ್ಕೆ ಬೇಕಾದದ್ದೆಲ್ಲ ಅದರಲ್ಲಿತ್ತು. ಬರೆದವರು ಬರೆದದ್ದನ್ನೆಲ್ಲ ತೆರೆದಿಟ್ಟಿದ್ದರು. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಓಪನ್ ಸೋರ್ಸ್ ಎಂದು ಅದಕ್ಕೆ ಆಗಷ್ಟೇ ಹೆಸರು ಬಿದ್ದಿತ್ತಂತೆ.

"ಬಿಟ್ಟಿಯಾಗಾ?" ಎಂದು ಮೇಷ್ಟ್ರು ಕೇಳಿದರು.

"ಬಿಟ್ಟಿಯಾಗೇ ಮಾವ. ಅರವಂಟಿಗೆ ಇಟ್ಟಂಗೆ."

ಅವರಿಗೆ ಅದು ಹಿಡಿಸಿತು. ಆದರೆ ಆ ಬರಹ ಯುನಿಕ್ಸ್ ಎಂಬ ಬೇರೆ ಏರ್ಪಾಡಿಗೆ ಬರೆದದ್ದು. ನಮ್ಮಲ್ಲಿದ್ದದ್ದು ವಿಂಡೋಸ್. ವಿಂಡೋಸ್‌ನಲ್ಲಿ ಯಾರೂ ಕಟ್ಟಿ, ಎಂದರೆ ಬರಹವನ್ನು ಓಡುವ ಪ್ರೋಗ್ರಾಂ ಮಾಡಿ, ನೋಡಿಲ್ಲ, ಕಟ್ಟಿದವರು ದಯವಿಟ್ಟು ತಿಳಿಸಿ ಎಂದು ಬರೆದವರೇ ಒಂದು ಸಾಲು ಹಾಕಿದ್ದರು. ಆ ಸಾಲು ಹೇಮಶ್ರೀಗೆ ತನ್ನನ್ನೇ ಹೆಸರು ಹಿಡಿದು ಕೂಗಿದಂತೆ ಕೇಳಿಸಿತು.

ಮೊದಲ ದಿನಗಳಲ್ಲಿ ಕೆಲಸ ಚೆನ್ನಾಗಿ ಸಾಗಿತು. ತಪ್ಪು ತೋರಿಸಿದ ಕಡೆಯೆಲ್ಲ ತಿದ್ದಿದಳು, ಲೈಬ್ರರಿ ಕಟ್ಟಿಕೊಂಡಿತು. ಅದನ್ನು ಬಳಸಿ ಹರಟೆಯ ಒಂದು ಸಣ್ಣ ಪ್ರೋಗ್ರಾಂ ಮಾಡಿದಳು. ಹಳೆಯ ಕಂಪ್ಯೂಟರನ್ನು ಕೆಳಗೆ ಮಾವನ ಮೇಜಿಗೆ ಇಳಿಸಿ, ಮೆಟ್ಟಿಲ ಗೋಡೆಗುಂಟ ಕೇಬಲ್ ಎಳೆದಳು. ಕೆಳಗೆ ಬರೆದದ್ದು ಮೇಲೆ ಕಾಣಬೇಕು, ಮೇಲೆ ಬರೆದದ್ದು ಕೆಳಗೆ. ಮಂಡಿ ನೋವಿನ ಮೇಷ್ಟ್ರು ಮೆಟ್ಟಿಲ ಬುಡದಲ್ಲಿ ನಿಂತು ಕೂಗುವುದು ತಪ್ಪುತ್ತದೆ ಎಂಬುದು ಅವಳ ಲೆಕ್ಕ.

ಓಡಿಸಿದರೆ, ನೆಟ್‌ವರ್ಕ್ ಸಿದ್ಧವಿಲ್ಲ ಎಂದು ಹೇಳಿ ನಿಂತಿತು.

ಅಷ್ಟರಲ್ಲೇ ಮೇಷ್ಟ್ರ ಮನಸ್ಸು ಬೇರೆ ಕಡೆ ತಿರುಗಿತ್ತು. ಅಂಗಡಿಗೆ ಬಂದವರೆಲ್ಲ ಜೆರಾಕ್ಸ್ ಇದೆಯೇ ಎಂದು ಕೇಳುತ್ತಿದ್ದರು. ಪುಟ್ಟತಾಯಮ್ಮನ ತಮ್ಮ ಶಿವಶಂಕರ್ ನಾಗಮಂಗಲದಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದವನು, ಒಂದು ದಿನ ಉಂಡು ಕೈ ತೊಳೆಯುತ್ತಾ, "ಬಾವ, ನನ್ ಹಳೇ ಮಿಷನ್ ನಿನ್ಗಿರ್ಲಿ, ನಿನ್ನ ಹೊಸ ಕಂಪ್ಯೂಟ್ರು ನನ್ಗೆ ಕೊಟ್ಬುಡು" ಎಂದ. ಪುಟ್ಟತಾಯಮ್ಮ ಪಕ್ಕದಲ್ಲೇ ನಿಂತಿದ್ದರು. ಮೇಷ್ಟ್ರು ಹೂಂ ಅಂದುಬಿಟ್ಟರು. ಶ್ರಾವಣದ ಮೊದಲ ಸೋಮವಾರ ಬದಲಾಯಿಸುವುದೆಂದು ಗೊತ್ತಾಯಿತು.

ಹೇಮಶ್ರೀಗೆ ಇದು ಬರೀ ಒಂದು ಯಂತ್ರದ ಮಾತಾಗಿರಲಿಲ್ಲ. ಉಳಿಯುವ ಒಂದೇ ಕಂಪ್ಯೂಟರಿಗೆ ಮಾವನೇ ಸಾಕು. ಅವಳು ಬೂಕನಕೆರೆಗೆ ವಾಪಸ್ಸು. ಅವಳು ಮೂರು ಹೊತ್ತೂ ಮುಖ ಸಣ್ಣ ಮಾಡಿಕೊಂಡಿದ್ದನ್ನು ನೋಡಲಾರದೆ ಮೇಷ್ಟ್ರು ಒಂದು ಮಾತು ಕೊಟ್ಟರು. "ಅಷ್ಟ್ರೊಳ್ಗೆ ಎರ್ಡೂ ಮಾತಾಡ್ಕಂಡ್ರೆ ಶಂಕ್ರುಂಗೆ ಏನಾರ ಯೋಳ್ತೀನಿ. ಇಲ್ದಿದ್ರೆ ಇಲ್ಲ ಕಣವ್ವ."

ಶಂಕರನಿಗೆ ಈ ಷರತ್ತು ಅವರು ಹೇಳಲೇ ಇಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ.

ಕಾರಣ ಹೇಮಶ್ರೀಗೆ ಬೇಗನೇ ಸಿಕ್ಕಿತು. ವಿಂಡೋಸ್‌ನಲ್ಲಿ ನೆಟ್‌ವರ್ಕಿನ ಯಾವ ಕೆಲಸಕ್ಕೂ ಮೊದಲು ಅದನ್ನು ಎಬ್ಬಿಸುವ ಒಂದು ಕರೆ ಹಾಕಬೇಕು. ಯುನಿಕ್ಸಿನಲ್ಲಿ ಆ ಪದ್ಧತಿಯಿಲ್ಲ.

"ಅಂದ್ರೆ ಗಣಪತಿ ಪೂಜೆ" ಎಂದರು ಮೇಷ್ಟ್ರು.

"ಹೂಂ ಮಾವ."

"ಅವ್ರು ಮಾಡಾಕಿಲ್ವಾ?"

"ಅವ್ರಲ್ಲಿ ಬೇಕಿಲ್ಲ."

"ಅದ್ಕೇ ಮತ್ತೆ ಅವ್ರುದು ಇಲ್ಲಿ ನಡೀತಿಲ್ಲ. ಸೇರ್ಸು, ಸೇರ್ಸು."

ಸೇರಿಸಿದಳು. ನೆಟ್‌ವರ್ಕ್ ಸಿದ್ಧವಿಲ್ಲ ಎಂದಿತು. ಬೇರೆ ಜಾಗದಲ್ಲಿ ಸೇರಿಸಿದಳು. ಸಿದ್ಧವಿಲ್ಲ. ನೆಟ್‌ವರ್ಕ್ ಕಾರ್ಡು ಕಿತ್ತು ಮತ್ತೆ ಸಿಕ್ಕಿಸಿದಳು, ಕೇಬಲ್ ತುದಿ ಕತ್ತರಿಸಿ ಹೊಸದಾಗಿ ಕಟ್ಟಿದಳು, ನನ್ನ ಹೊಲಿಗೆಯ ಕತ್ತರಿ ಮೊಂಡು ಮಾಡಿ ಹಿಂದಕ್ಕೆ ಕೊಟ್ಟಳು. ಉಳಿದ ಆಷಾಢ ಪೂರ್ತಿ ಇದೇ ಆಯಿತು. ಹೊಸದನ್ನು ಶುರು ಮಾಡಬಾರದ ತಿಂಗಳಲ್ಲಿ ಶುರು ಮಾಡಿದ್ದಕ್ಕೇ ಹೀಗೆ ಎಂದು ನಾನು ಒಳಗೊಳಗೇ ಅಂದುಕೊಂಡೆ. ಅವಳಿಗೆ ಹೇಳಲಿಲ್ಲ. ಅವಳ ಹೆಸರಲ್ಲಿ ಒಂದು ತುಪ್ಪದ ದೀಪ ಹರಸಿಕೊಂಡೆ, ಅಷ್ಟೆ.

ಶ್ರಾವಣ ಹುಟ್ಟಿತು. ಮೊದಲ ಸೋಮವಾರಕ್ಕೆ ಹಿಂದಿನ ಭಾನುವಾರ, ತುರ್ತಿನ ರವಿಕೆಯೊಂದಿತ್ತೆಂದು ನಾನೂ ಬಂದಿದ್ದೆ. ಸಂಜೆ ಹೇಮಶ್ರೀ ಕೆಳಗಿಳಿದು ನನ್ನ ಮುಂದೆ ಕೂತಳು.

"ಅಕ್ಕ, ತಲೆ ಕೆಟ್ಟು ಸಿ ಫೈಲಿನ ಮಧ್ಯಕ್ಕೆ 'ಮಾವನ ತಲೆ' ಅಂತ ಬರ್ದೆ. ಅದು ಸಿ ಭಾಷೆನೂ ಅಲ್ಲ, ಏನೂ ಅಲ್ಲ. ಕಂಪ್ಯೂಟರು ತಪ್ಪು ಅಂತ ಬೈಬೇಕಿತ್ತು. ಎಲ್ಲಾ ಸರಿಯಾಗಿದೆ ಅಂತದೆ."

"ನನ್ ತಲೆ ಸರಿಯಾಗೇ ಅದೆಯಲ್ಲ" ಎಂದರು ಮೇಷ್ಟ್ರು ಅತ್ತಲಿಂದ.

ಅವಳು ನಗಲಿಲ್ಲ. ಇದ್ದಕ್ಕಿದ್ದಂತೆ ಎದ್ದು ಮತ್ತೆ ಮೇಲೆ ಹೋದಳು. ಅವಳು ಆಮೇಲೆ ವಿವರಿಸಿದ್ದನ್ನು ನನ್ನ ಕಸುಬಿನಲ್ಲಿ ಹೇಳುವುದಾದರೆ ಹೀಗೆ. ಲೈಬ್ರರಿಯಲ್ಲಿ ಕಡತಗಳು ಬಹಳ. ಒಂದನ್ನು ತಿದ್ದಿದಾಗಲೆಲ್ಲ ಎಲ್ಲವನ್ನೂ ಮತ್ತೆ ಕಟ್ಟುತ್ತಾ ಕೂರಬಾರದೆಂದು ಮೇಕ್ ಎಂಬ ಒಂದು ಪ್ರೋಗ್ರಾಂ ಇರುತ್ತದೆ. ಅದು ತಾರೀಕು ನೋಡುತ್ತದೆ. ಅಳತೆ ಬರೆದದ್ದು ಮೊದಲು, ರವಿಕೆ ಹೊಲಿದದ್ದು ಆಮೇಲೆ ಎಂದರೆ ಹೊಲಿಗೆ ಸರಿಯಾಗಿದೆ, ಮುಟ್ಟಬೇಕಿಲ್ಲ. ರವಿಕೆಗಿಂತ ಅಳತೆ ಈಚಿನದಾದರೆ ಮಾತ್ರ ಬಿಚ್ಚಿ ಹೊಲಿಯಬೇಕು. ಮೇಕ್‌ಗೆ ಬೇರೆ ಬುದ್ಧಿಯಿಲ್ಲ, ತಾರೀಕೇ ಅದರ ಬುದ್ಧಿ.

ಅವಳು ಕೆಳಗಿಳಿದು ಬಂದದ್ದು ಬಹಳ ನಿಧಾನವಾಗಿ. ಕೊನೆಯ ಮೆಟ್ಟಿಲ ಮೇಲೆ ನಿಂತು ಮೊದಲು ಗೋಡೆಯ ಗಡಿಯಾರ ನೋಡಿದಳು, ಆಮೇಲೆ ಸ್ಟೂಲ್ ನೋಡಿದಳು, ಆಮೇಲೆ ಮಾವನನ್ನು.

"ಮಾವ, ವರಮಹಾಲಕ್ಷ್ಮಿ ಹಬ್ಬ ಯಾವತ್ತು?"

"ಇನ್ನೂ ಅದೆಯಲ್ಲ, ಮುಂದೆ."

"ನಾನು ಮೊದಲ ದಿವಸ ಕಟ್ಟಿದ ಫೈಲುಗಳೆಲ್ಲ ಹಬ್ಬದ ದಿವಸ ಹುಟ್ಟಿವೆ. ಬರೋ ಹಬ್ಬದ ದಿವಸ."

ಮೇಷ್ಟ್ರು ಪೆನ್ಸಿಲ್ಲುಗಳನ್ನು ಡಬ್ಬಕ್ಕೆ ಜೋಡಿಸತೊಡಗಿದರು. ಆಗಲೇ ಜೋಡಿಸಿದ್ದ ಪೆನ್ಸಿಲ್ಲುಗಳು.

"ಹೊಸ ಕಂಪ್ಯೂಟರಿನ ತಾರೀಕು ಮುಟ್ಟಿದ್ಯಾ?"

"ನೋಡವ್ವ, ಆಸಾಡ್ದಲ್ಲಿ ಹೊಸ ಮಿಷನ್ ಚಾಲೂ ಮಾಡದು ಎಂಗೆ? ನೀನೋ ದಿನಾ ಡಬ್ಬ ನೋಡ್ಕಂಡು ಉಸ್ಸಂತಿದ್ದೆ. ಅದ್ಕೇ ಒಂಚೂರು ಮುಂದುಕ್ ತಳ್ದೆ. ಟೈಮ್ ಮುಟ್ನಿಲ್ಲ ಕಣವ್ವ, ತಾರೀಕು ಅಷ್ಟೆಯ."

ಕಂಪ್ಯೂಟರಿನ ಮೂಲೆಯಲ್ಲಿ ಕಾಣುವುದು ಗಂಟೆ ಮಾತ್ರ. ಅದು ಸರಿಯಾಗಿದ್ದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ.

"ಮತ್ತೆ ಹಿಂದಕ್ಕೆ ತಂದದ್ದು ಯಾಕೆ?"

"ಆ ಹುಡ್ಗ ಅರ್ಜಿ ಟೈಪ್ ಮಾಡ್ಕಂಡು ಓಗಿದ್ನಲ್ಲ, ಅದ್ರ ಮ್ಯಾಲೆ ಬರೋ ತಿಂಗಳ ತಾರೀಕು ಬಿದ್ದಿತ್ತಂತೆ. ಕಚೇರಿನೋರು ಅಂಗಾರೆ ಬರೋ ತಿಂಗಳೇ ಬಾ ಅಂತ ಕಳ್ಸವ್ರೆ."

ಆ ಹುಡುಗ ಬಂದು ಅತ್ತದ್ದು ನನಗೆ ನೆನಪಿತ್ತು. ಅದೇ ಮಧ್ಯಾಹ್ನ ಮೇಷ್ಟ್ರು ಮಂಡಿ ನೋವಿದ್ದರೂ ಮೇಲೆ ಹತ್ತಿ ಹೋಗಿದ್ದರು.

ಹೀಗಾಗಿತ್ತು ವಿಷಯ. ಮೊದಲು ಕಟ್ಟಿದ ಕಡತಗಳ ಮೇಲೆಲ್ಲ ಶ್ರಾವಣದ ತಾರೀಕು. ಅವಳು ಆಮೇಲೆ ತಿದ್ದಿದ್ದರ ಮೇಲೆಲ್ಲ ಆಷಾಢ. ಮೇಕ್ ನೋಡುತ್ತದೆ: ರವಿಕೆ ಅಳತೆಗಿಂತ ಈಚಿನದು, ಮುಟ್ಟಬೇಕಿಲ್ಲ. ಅಷ್ಟು ದಿನ ಅವಳು ಬರೆದ ಒಂದಕ್ಷರವೂ ಒಳಗೆ ಹೋಗಿರಲಿಲ್ಲ. ಮಾವನ ತಲೆಯೂ ಹೋಗಿರಲಿಲ್ಲ.

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ಪುಟ್ಟತಾಯಮ್ಮ ಗಂಡನ ಕಡೆ ನೋಡಿ, "ರಾವು ನೋಡ್ತಾನೋ ಇಲ್ವೋ, ಅದ್ಯಾರೋ ಮೇಕಂತೆ, ಅವ್ನು ನೋಡ್ದ" ಎಂದು ಒಳಗೆ ಹೋದರು.

ಹೇಮಶ್ರೀ 'ಮಾವನ ತಲೆ' ಅಳಿಸಿದಳು, ಹಿಂದೆ ಕಟ್ಟಿದ್ದನ್ನೆಲ್ಲ ಅಳಿಸಿ ಹೊಸದಾಗಿ ಕಟ್ಟಿದಳು. "ಮೈಲಿಗೆ ಕಳೀತು ಬುಡು" ಎಂದರು ಮೇಷ್ಟ್ರು, ಬಹಳ ಮೆತ್ತಗೆ. ನಾನು ಕೊನೆಯ ಬಸ್ಸಿಗೆ ಹೊರಡುವ ಮುಂಚೆ ಕೆಳಗಿನ ಪರದೆಯ ಮೇಲೆ ಒಂದು ಸಾಲು ಬಂತು. ಮಾವ, ಕಾಫಿ ಬೇಕಾ ಎಂದಿತ್ತು. ಮೇಷ್ಟ್ರು ಕನ್ನಡಕ ಸರಿ ಮಾಡಿಕೊಂಡು, ಕೀಲಿಮಣೆ ನೋಡದೆಯೇ, ಸಕ್ಕರೆ ಕಡಿಮೆ ಎಂದು ಉತ್ತರ ಹೊಡೆದರು. ಎಲ್ಲವೂ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ.

"ಮಾತಾಡಿದ್ವಲ್ಲ ಮಾವ. ಇನ್ನು ಚಿಕ್ಕಪ್ಪನಿಗೆ ಹೇಳು" ಎಂದಳು ಹೇಮಶ್ರೀ ಇಳಿದು ಬಂದು. ಶಿವಶಂಕರನನ್ನು ಅವಳು ಚಿಕ್ಕಪ್ಪ ಎನ್ನುತ್ತಿದ್ದಳು.

ಮೇಷ್ಟ್ರು ಅಡುಗೆಮನೆಯ ಕಡೆ ನೋಡಿದರು. "ಯೋಳ್ತೀನಿ. ನೋಡನ" ಎಂದರು. ಆ 'ನೋಡನ' ಕೇಳಿಯೇ ಅವಳ ಮುಖ ಇಳಿಯಿತು. ಬಾಮೈದನಿಗೆ ಬೇಡ ಎನ್ನುವ ಧೈರ್ಯ ಮಾವನಿಗಿಲ್ಲ ಎಂಬುದು ಅವಳಿಗೂ ಗೊತ್ತು, ನನಗೂ ಗೊತ್ತು.

ಸೋಮವಾರ ಬೆಳಿಗ್ಗೆ ನಾನು ಬರುವ ಹೊತ್ತಿಗೆ ನಾಗಮಂಗಲದ ಟೆಂಪೊ ಬಾಗಿಲಲ್ಲಿತ್ತು. ಅದರ ಹಿಂದೆ ಹಳೆಯ ದುಪ್ಪಟಿ ಹೊದ್ದು ಜೆರಾಕ್ಸ್ ಮಿಷನ್ ಕೂತಿತ್ತು. ಒಂಬತ್ತರವರೆಗೆ ರಾಹುಕಾಲ. ಅದು ಕಳೆಯುವವರೆಗೆ ಇಳಿಸುವಂತಿಲ್ಲ ಎಂದು ಮೇಷ್ಟ್ರು ಹೇಳಿದ್ದರು. ಆಶ್ಚರ್ಯವೆಂದರೆ ಆ ದಿನ ಅವರು ಸ್ಟೂಲ್ ಹತ್ತಲಿಲ್ಲ. ರಾಹುಕಾಲ ಇನ್ನಷ್ಟು ಹೊತ್ತು ಇದ್ದರೂ ಅವರಿಗೆ ಬೇಸರವಿಲ್ಲ ಎಂಬಂತಿತ್ತು.

"ಶಂಕ್ರ ಎಲ್ಲವ್ವ?" ಎಂದು ಕೇಳಿದರು.

"ಕೂರಿಸಿದ್ದೀನಿ ಮಾವ. ನೀನು ಯೋಚನೆ ಮಾಡ್ಬೇಡ" ಎಂದು ಹೇಮಶ್ರೀ ಕಾಫಿ ಲೋಟ ಹಿಡಿದು ಮೆಟ್ಟಿಲು ಹತ್ತಿದಳು. ಹಿಂದಿನ ಮನೆಯಿಂದ ಉಪ್ಪಿಟ್ಟಿನ ವಾಸನೆ ಬರುತ್ತಿತ್ತು. ಅಕ್ಕನ ಕೈಯ ಉಪ್ಪಿಟ್ಟಿಗೆ ಕೂತಿದ್ದಾನೆ ಎಂದೇ ಮೇಷ್ಟ್ರು ತಿಳಿದರು.

ಸ್ವಲ್ಪ ಹೊತ್ತು ಬೆರಳು ಮಡಿಸಿ ಕೂತಿದ್ದವರು ಮೆಟ್ಟಿಲ ಕಡೆ ತಿರುಗಿ, "ಮಗಾ, ಮ್ಯಾಲಿದ್ಯಾ?" ಎಂದರು.

"ಮೇಲೇ ಇದ್ದೀನಿ ಮಾವ."

ನನ್ನ ಮಿಷನ್ ಇದ್ದ ಕಡೆಯಿಂದ ಮೆಟ್ಟಿಲು ಕಾಣುತ್ತದೆ. ಅವಳು ಅರ್ಧ ಮೆಟ್ಟಿಲಲ್ಲಿ ಗೋಡೆಗೊರಗಿ ನಿಂತಿದ್ದಳು. ಕಾಫಿ ಆರುತ್ತಿತ್ತು. ಮೇಲಕ್ಕೂ ಹೋಗಲಿಲ್ಲ, ಕೆಳಕ್ಕೂ ಬರಲಿಲ್ಲ. ನನ್ನ ಕಣ್ಣು ಸಿಕ್ಕಿದಾಗ ಲೋಟದೊಳಗೆ ನೋಡಿಕೊಂಡಳು.

ಮೇಷ್ಟ್ರು ಟೈಪ್ ಮಾಡಿದರು. ಟೈಪ್ ಮೇಷ್ಟ್ರ ಬೆರಳು ಮನಸ್ಸಿಗಿಂತ ಮುಂದೆ ಓಡುತ್ತದೆ. ಬರೆದು ಮುಗಿಸಿ ನೆಮ್ಮದಿಯಾಗಿ ಕುರ್ಚಿಗೊರಗಿದರು. ಅಷ್ಟರಲ್ಲಿ ಮೇಲಿಂದ ಒಂದು ಗಂಡು ದನಿ, ಒಂದೊಂದೇ ಮಾತು ಕೂಡಿಸಿಕೊಂಡು ಗಟ್ಟಿಯಾಗಿ ಓದುವುದು ಕೇಳಿಸಿತು.

"ಮಗಾ... ನನ್ಗೆ... ಶಂಕ್ರುನ್ ಜೆರಾಕ್ಸು... ಬ್ಯಾಡ. ಓದ್ಸಲ... ಒಂದು ಹೆಣ್ಣಿನ ಫೋಟೋ... ಜೆರಾಕ್ಸ್ ಮಾಡಿ... ಕೊಟ್ಟಿದ್ದ... ಹುಡ್ಗೀಗೆ... ಮೀಸೆ... ಬಂದಿತ್ತು. ಗಂಡಿನ ಕಡೆಯೋರು... ಎದ್ದೋದ್ರು. ಆದ್ರೆ... ನಾನ್ ಬ್ಯಾಡ ಅಂದ್ರೆ... ನಿಮ್ಮತ್ತೆ... ಒಲೆ ಹಚ್ಚಾಕಿಲ್ಲ. ನೀನೇ... ಕಂಪ್ಯೂಟ್ರಿಗೆ... ಇಲಿ ಹೊಕ್ಕದೆ ಅಂತ... ಯೋಳ್ಬುಡು."

ಮೇಷ್ಟ್ರು ಕುರ್ಚಿಯಲ್ಲೇ ಕಲ್ಲಾದರು. ಮೇಲೆ ಒಂದು ಕೀಲಿ ಬಿದ್ದ ಸದ್ದು. ಬಹಳ ಹೊತ್ತಿನ ಮೇಲೆ ಇನ್ನೊಂದು. ಒಂದೇ ಬೆರಳಿನಲ್ಲಿ ಯಾರೋ ಅಕ್ಷರ ಹುಡುಕಿ ಹುಡುಕಿ ಒತ್ತುತ್ತಿದ್ದರು. ಕಡೆಗೆ ಕೆಳಗಿನ ಪರದೆಯ ಮೇಲೆ ಸಾಲು ಬಂತು. ಮೇಷ್ಟ್ರು ಅದನ್ನು ಓದಲಿಲ್ಲ. ನಾನೇ ಕತ್ತು ಚಾಚಿ ಓದಿದೆ.

'ಬಾವ ನಾನು ಶಂಕ್ರ. ಮ್ಯಾಲೆ ಕುಂತಿವ್ನಿ.'

ಅವನು ಇಳಿದು ಬಂದ. ಮೆಟ್ಟಿಲಲ್ಲಿ ಹೇಮಶ್ರೀ ಗೋಡೆಗೆ ಸರಿದು ದಾರಿ ಬಿಟ್ಟಳು. ಮೇಷ್ಟ್ರು ಪೆನ್ಸಿಲ್ ಡಬ್ಬಕ್ಕೆ ಕೈ ಹಾಕಿದರು.

"ಬಾವ" ಎಂದ ಶಂಕರ. "ಆ ಮೀಸೆ ನನ್ ಮಿಷನ್ದಲ್ಲ. ಫೋಟೋದಲ್ಲೇ ಇತ್ತು."

"ಯಾರ್ಗ್ಲಾ ಮೀಸೆ?" ಎನ್ನುತ್ತಾ ಪುಟ್ಟತಾಯಮ್ಮ ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದರು.

"ಬಾವುಂಗೆ ಅಕ್ಕ. ಬರಿ ಮೀಸೆ ಅಷ್ಟೆಯ. ಧೈರ್ಯ ಇಲ್ಲ" ಎಂದು ಶಂಕರ ತಟ್ಟೆ ಇಸಿದುಕೊಂಡ. "ಬ್ಯಾಡ ಅಂದಿದ್ರೆ ಅಲ್ಲೇ ಬುಡ್ತಿದ್ದೆ. ನಾಗಮಂಗಲ್ದಿಂದ ಇದ್ನ ಹೊತ್ಕಂಡು ಬಂದು, ಮ್ಯಾಲೆ ಕುಂತು ನನ್ ಮರ್ಯಾದೆ ನಾನೇ ಓದ್ಕಬೇಕಿತ್ತಾ?"

"ರಾವುಕಾಲ ಕಣ್ಲಾ" ಎಂದರು ಮೇಷ್ಟ್ರು. "ರಾವುಕಾಲ್ದಲ್ಲಿ ಟೈಪ್ ಮಾಡ್ಬಾರ್ದಿತ್ತು."

ಶಂಕರ ಎರಡು ಸಲ ಉಪ್ಪಿಟ್ಟು ಹಾಕಿಸಿಕೊಂಡು, ಒಂಬತ್ತು ಹೊಡೆಯುವ ಮುಂಚೆಯೇ ಟೆಂಪೊ ಹತ್ತಿದ. ಜೆರಾಕ್ಸ್ ಮಿಷನ್ ಕೆಳಗಿಳಿಯಲೇ ಇಲ್ಲ. ಹೊಸ ಕಂಪ್ಯೂಟರ್ ಮೇಲೆಯೇ ಉಳಿಯಿತು, ಅದರ ಮುಂದೆ ಹೇಮಶ್ರೀಯೂ ಉಳಿದಳು. ಚಿಕ್ಕಪ್ಪನನ್ನು ಮೇಲೆ ಯಾಕೆ ಕೂರಿಸಿದೆ ಎಂದು ನಾನು ಕೇಳಿದಾಗ, ಅಲ್ಲಿ ಫ್ಯಾನ್ ಇತ್ತಲ್ಲ ಅಕ್ಕ ಎಂದಳು. ಶ್ರಾವಣದ ಚಳಿಗಾಳಿಯಲ್ಲಿ ಫ್ಯಾನು. ರಂಗನಾಥನಿಗೆ ಹರಸಿಕೊಂಡಿದ್ದ ದೀಪ ಹಚ್ಚುವಾಗ, ಹೆಚ್ಚು ಕೆಲಸ ಅವಳೇ ಮಾಡಿಕೊಂಡಳೆಂದು ಅವನಿಗೂ ಹೇಳಿಟ್ಟೆ.

ಲೈಬ್ರರಿಯನ್ನು ವಿಂಡೋಸ್‌ನಲ್ಲಿ ಕಟ್ಟುವ ಬಗೆಯನ್ನು ಅವಳು ಬರೆದು, ಮೈಸೂರಿಗೆ ಹೋಗಿ ಇಮೇಲಿನಲ್ಲಿ ಕಳಿಸಿದಳು. ಕೊನೆಯಲ್ಲಿ ಒಂದು ಎಚ್ಚರಿಕೆ ಸೇರಿಸಿದ್ದಳು: ಕಂಪ್ಯೂಟರಿನ ತಾರೀಕನ್ನು ಒಂದು ತಿಂಗಳು ಮುಂದೆ ತಳ್ಳಿ ಹಿಂದಕ್ಕೆ ತಂದಿದ್ದರೆ, ಹಳೆಯದನ್ನೆಲ್ಲ ಅಳಿಸಿ ಕಟ್ಟಿ. ಅವರಿಂದ ಉತ್ತರ ಬಂತು. ತುಂಬ ಉಪಕಾರವಾಯಿತು, ಮುಂದಿನ ಆವೃತ್ತಿಯಲ್ಲಿ ನಿಮ್ಮ ಹೆಸರಿರುತ್ತದೆ, ಆದರೆ ಯಾರಾದರೂ ತಾರೀಕನ್ನು ಒಂದು ತಿಂಗಳು ಮುಂದೆ ಯಾಕೆ ತಳ್ಳುತ್ತಾರೆ ಎಂದು ಕೇಳಿದ್ದರು.

"ಏನಂತ ಬರೀಲಿ ಮಾವ?"

ಮೇಷ್ಟ್ರು ಯೋಚಿಸಿದರು. "ಮನೆ ವಿಚಾರ ಅಂತ ಬರಿ."

ಬರೆಯಲು ಅವಳು ಪೆನ್ನು ತೆಗೆದಳು. ಮೇಷ್ಟ್ರು ಗೋಡೆಯ ಗಡಿಯಾರ ನೋಡಿದರು.

"ತಡಿ ಮಗಾ, ಒಂದ್ ನಿಮಿಷ" ಎಂದು ಸ್ಟೂಲ್ ಎಳೆದುಕೊಂಡರು.